ಹೊಸ ಪಾರ್ಟ್ ಅಂತ ಗುಜರಿ ಮಾಲು ಹಾಕ್ತಾರೆ, ಹುಷಾರು

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆ ಕಾರಿನ ಪಾರ್ಟ್ ಸಿಗದೆ ಕಾಯುತ್ತಿರುವವರು ಇದನ್ನು ಓದಿ. "ಕಂಪನಿಯಲ್ಲೇ ಸ್ಟಾಕ್ ಇಲ್ಲ ಸಾರ್, ನಾನು ಹೊರಗಡೆಯಿಂದ ಹೊಸದೇ ತರಿಸಿಕೊಡ್ತೀನಿ" ಎಂದು ಯಾರಾದರೂ ಹೇಳಿದರೆ, ಪಾರ್ಟ್ ಕಣ್ಣಿಗೆ ಕಾಣುವವರೆಗೆ ದುಡ್ಡು ಬಿಚ್ಚಬೇಡಿ.

ನಮ್ಮ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯೋದು) ಲೈಟ್ ಉರಿಯತೊಡಗಿತ್ತು. ಮೈಸೂರಿನ ಶೋರೂಮಿನಲ್ಲಿ ಸ್ಕ್ಯಾನ್ ಮಾಡಿ ಮಾಡ್ಯೂಲ್, ಅಂದರೆ ಅದರ ಕಂಟ್ರೋಲ್ ಯೂನಿಟ್, ಹೋಗಿದೆ ಎಂದರು. ಪಾರ್ಟ್ ಬ್ಯಾಕ್ ಆರ್ಡರ್, ಯಾವಾಗ ಬರುತ್ತೋ ಹೇಳೋಕಾಗಲ್ಲ ಎಂದರು. ಮಳೆಗಾಲ ಬೇರೆ, ಸಂಪಾಜೆ ಘಾಟಿ ಇಳಿದು ಹೋಗಬೇಕಾದ ಕೆಲಸ. ಊರಿನ ಗ್ಯಾರೇಜಿನವನು ಮುಕ್ಕಾಲು ದುಡ್ಡು ಮುಂಗಡ ತಗೊಂಡು "ಕಂಪನಿ ಹೊಸದು" ಹಾಕಿಕೊಟ್ಟ. ಲೈಟ್ ಆರಿತು. ಸ್ವಲ್ಪ ದಿನಕ್ಕೆ ಮತ್ತೆ ಹತ್ತಿಕೊಂಡಿತು.

ಬೇರೆ ಕಡೆ ತೋರಿಸಿದಾಗ ಮೆಕ್ಯಾನಿಕ್ ಹುಡುಗ ಕನೆಕ್ಟರ್ ಕಳಚಿ ಟಾರ್ಚ್ ಬಿಟ್ಟ. ಪಿನ್ನುಗಳ ಮೇಲೆ ಹಸಿರು ಕಿಲುಬು. ಸಂದಿಯಲ್ಲಿ ಒಣಗಿದ ಕೆಸರು. ನೀರಲ್ಲಿ ಮುಳುಗಿದ ಯಾವುದೋ ಕಾರಿನಿಂದ ಕಿತ್ತು, ತೊಳೆದು, ಡಬ್ಬಿಗೆ ತುಂಬಿದ ಮಾಲು. ಮನೆಯಲ್ಲಿಟ್ಟಿದ್ದ ಡಬ್ಬಿಯ ಎಂಆರ್‌ಪಿ ಚೀಟಿಯನ್ನು ಉಗುರಿನಲ್ಲಿ ಎಬ್ಬಿಸಿದೆ. ಕೆಳಗೆ ಇನ್ನೊಂದು ಚೀಟಿ, ಬೇರೆಯೇ ಪಾರ್ಟ್ ನಂಬರ್!

ಪಾರ್ಟ್ ಅಭಾವ ಸುಳ್ಳಲ್ಲ. 2021ರ ಮಾರ್ಚ್‌ನಲ್ಲಿ ಕಾರಿನ ಚಿಪ್ ಮಾಡುವ ಜಪಾನಿನ ರೆನೆಸಾಸ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅದೇ ತಿಂಗಳು ಸೂಯೆಜ್ ಕಾಲುವೆಯಲ್ಲಿ ಹಡಗು ಅಡ್ಡ ಸಿಕ್ಕಿಕೊಂಡು ಆರು ದಿನ ಸಾಗಾಟವೇ ನಿಂತಿತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಪವರ್ ಸ್ಟೀರಿಂಗ್ ಮೋಟಾರಿಗೂ ಅವು ಬೇಕು. ಸಾಮಾನು ಬರೋಕೆ ನಮ್ಮ ಕೊಡಗಿಗಂತೂ ರೈಲೂ ಇಲ್ಲ. ಇದೆಲ್ಲ ಜನಕ್ಕೆ ಗೊತ್ತಿರೋದರಿಂದ "ಸ್ಟಾಕ್ ಇಲ್ಲ" ಅಂದರೆ ಯಾರೂ ಮರುಪ್ರಶ್ನೆ ಹಾಕಲ್ಲ. ಅದೇ ಇಂಥವರ ಬಂಡವಾಳ.

ಗುಜರಿ ಪಾರ್ಟ್ ಬಗ್ಗೆ ನನ್ನ ತಕರಾರಿಲ್ಲ. ತೋಟದ ಹಳೇ ಜೀಪುಗಳು ಓಡುತ್ತಿರೋದೇ ಅದರ ಮೇಲೆ ಅಲ್ವಾ? ಗುಜರಿ ಅಂತ ಹೇಳಿ ಗುಜರಿ ರೇಟಿಗೆ ಕೊಡಲಿ. ಬ್ರೇಕಿನ ಸಾಮಾನಿಗೆ ಮಾತ್ರ ಅದೂ ಬೇಡ.

ಶೋರೂಮಿನಲ್ಲಿ ಪಾರ್ಟ್ ನಂಬರ್, ಆರ್ಡರ್ ಹಾಕಿದ ಪ್ರಿಂಟ್ ಎರಡನ್ನೂ ಕೇಳಿ ಇಸ್ಕೊಳ್ಳಿ. ಹೊರಗೆ ತಗೊಂಡರೆ ಡಬ್ಬಿ ನಿಮ್ಮೆದುರೇ ಒಡೆಯಲಿ. ಜಿಎಸ್‌ಟಿ ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಆಮೇಲೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡೋಕೆ ಅದೇ ಆಧಾರ. ಬಿಚ್ಚಿದ ಹಳೇ ಪಾರ್ಟನ್ನಂತೂ ಅಲ್ಲಿ ಬಿಡಲೇಬೇಡಿ. ಎಷ್ಟೋ ಸಲ ಹೋಗಿರೋದು ಒಳಗಿನ ಬೋರ್ಡು ಮಾತ್ರ, ಅದನ್ನು ರಿಪೇರಿ ಮಾಡುವವರು ಬೆಂಗಳೂರಿನಲ್ಲಿದ್ದಾರೆ. ನನ್ನ ಹಳೇದನ್ನು ಕೇಳಿದರೆ ಆ ಗ್ಯಾರೇಜಿನವನು "ಆಗಲೇ ಬಿಸಾಕಿದೆ" ಅಂದ. ಅದು ಈಗ ಯಾರ ಕಾರಿಗೆ ಹೊಸದಾಗಿ ಹೋಗಿದೆಯೋ.