ಮಾಳಿಗೆ ಮೇಲೆ 3 ಕಿಲೋವಾಟ್ ಸೋಲಾರ್: ಒಂದು ವರ್ಷದ ಅನುಭವ

ರಾಯಚೂರಿನ ನಮ್ಮ ಮನೆಗೆ ಸೋಲಾರ್ ಹಾಕಿಸಿ ವರ್ಷ ಆಯಿತು. ಸುಮಾರು 4,200 ಯೂನಿಟ್ ಬಂದಿದೆ. ನನಗೆ ತೃಪ್ತಿ ಇದೆ. ಆದರೆ ಹಾಕಿಸುವವರು ಕೆಲವು ವಿಷಯ ಮೊದಲೇ ತಿಳಿದುಕೊಳ್ಳಿ.

ನನಗೆ ಎರಡು ರೇಟು ತೋರಿಸಿದರು. ಒಳಗಿನ ಸೆಲ್ಲೂ ಭಾರತದಲ್ಲೇ ತಯಾರಾದ, ಡಿಸಿಆರ್ ಅನ್ನುವ ಪ್ಯಾನೆಲ್‌ಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಕಡಿಮೆಯದು ತಗೊಂಡರೆ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಸಿಗುವುದಿಲ್ಲ. ಜಗತ್ತಿನ ಪ್ಯಾನೆಲ್ ತಯಾರಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಚೀನಾದ ಕೈಯಲ್ಲಿದೆ. ಒಂದೇ ದೇಶವನ್ನು ನೆಚ್ಚಬಾರದು ಎಂದು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್ ಮೇಲೆ ಶೇ 40 ಸುಂಕ ಹಾಕಿತು. ಚೀನಾ ಜೊತೆಗಿನ ಆ ಪೈಪೋಟಿಯ ಲೆಕ್ಕ ನನ್ನ ಕೊಟೇಶನ್‌ನಲ್ಲೂ ಇತ್ತು. ನಾನು ಡಿಸಿಆರ್ ತಗೊಂಡೆ. ಒಟ್ಟು 2.10 ಲಕ್ಷ, ಸಬ್ಸಿಡಿ ಕಳೆದು 1.32 ಲಕ್ಷ.

ಎಲ್ಲರಿಗೂ ಇದು ಬೇಕಾ? ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಯವರು ಇಷ್ಟು ದುಡ್ಡು ಯಾಕೆ ಹಾಕುತ್ತಾರೆ? ದಿಲ್ಲಿ ಸೋಲಾರ್ ಹಾಕಿಸಿ ಅನ್ನುತ್ತದೆ, ಬೆಂಗಳೂರು ಕರೆಂಟನ್ನೇ ಬಿಟ್ಟಿ ಕೊಡುತ್ತದೆ. ನಮ್ಮದು ಬೇಸಿಗೆಯಲ್ಲಿ 200 ಯೂನಿಟ್ ದಾಟುತ್ತಿತ್ತು. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದಕ್ಕೇ ಹಾಕಿಸಿದೆ.

ಅಪ್ಪ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ವ್ಯಾಗನ್ ಖಾಲಿ ಮಾಡಿಸುವ ಕೆಲಸದಲ್ಲಿದ್ದರು. ಅಲ್ಲಿ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಈಗ 1,720 ಮೆಗಾವಾಟ್. ಸಿಂಗರೇಣಿಯಿಂದ, ಒಡಿಶಾದ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಯಾವ ಗಣಿಯದು ಯಾರಿಗೆ ಅಂತ ಹಂಚುವುದು ದಿಲ್ಲಿ. "ರೇಕ್ (ಕಲ್ಲಿದ್ದಲು ರೈಲು) ಬಂತಾ?" ಅಂತ ಕೇಳಿಕೊಂಡೇ ಅಪ್ಪ ಊಟಕ್ಕೆ ಕೂರುತ್ತಿದ್ದರು. ಬಿಸಿಲಿಗೆ ರೇಕ್ ಬೇಡ, ಅಲ್ವಾ? ನನಗೆ ದೊಡ್ಡ ನೆಮ್ಮದಿ ಅದೇ.

ಒಂದು ಮಾತು ನನಗೆ ಯಾರೂ ಹೇಳಲಿಲ್ಲ. ಕರೆಂಟ್ ಹೋದರೆ ಇದೂ ಬಂದ್. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ನಿಲ್ಲುತ್ತದೆ. ಬ್ಯಾಟರಿ ಬೇಕಾದರೆ ಖರ್ಚು ಬೇರೆ.

ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ ಅಂತಲೂ ಅಲ್ಲ. ಪ್ಯಾನೆಲ್ ಕಾದರೆ ಇಳುವರಿ ಇಳಿಯುತ್ತದೆ. ನಮಗೆ ಮಾರ್ಚ್‌ನಲ್ಲಿ ದಿನಕ್ಕೆ 15 ಯೂನಿಟ್ ಬಂತು, ಮೇ ತಿಂಗಳಲ್ಲಿ 12. ವಾರಕ್ಕೊಮ್ಮೆ ಧೂಳು ತೊಳೆಯಿರಿ, ಗಾಜು ಕಾಯುವ ಮುಂಚೆ.

ಹಾಕಿದವರು ಪೂರ್ತಿ ದುಡ್ಡು ತಗೊಂಡು, ನಾವು ಗ್ರಿಡ್‌ಗೆ ಕೊಟ್ಟ ಮತ್ತು ತಗೊಂಡ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್‌ಗೆ ಎರಡು ತಿಂಗಳು ಓಡಾಡಿಸಿದರು. ನೀವು ಮೀಟರ್ ಕೂತ ಮೇಲೆಯೇ ಕೊನೆಯ ಕಂತು ಕೊಡಿ.