ಒಂದು ಮಳೆಗಾಲ, ಸಾಲು ಸಾಲು ರಿಪೇರಿ: ರಸ್ತೆಬದಿ ನೆರವು, ಇಂಜಿನ್ ಪ್ರೊಟೆಕ್ಟ್ ಎಷ್ಟು ಕೆಲಸಕ್ಕೆ ಬಂದವು

ವಿಮೆ ರಿನ್ಯೂ ಮಾಡುವಾಗ ಕೊನೆಯಲ್ಲಿ ಆಡ್-ಆನ್‌ಗಳ (ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳ) ಪಟ್ಟಿ ಬರುತ್ತದಲ್ಲ, ರಸ್ತೆಬದಿ ನೆರವು, ಇಂಜಿನ್ನಿನೊಳಗಿನ ಹಾನಿಗೆ ಇಂಜಿನ್ ಪ್ರೊಟೆಕ್ಟ್, ಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೋ ಡೆಪ್, ಕೀ ಕಳೆದರೆ ಹೊಸ ಕೀ, ಅದರಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು ಎಂದು ಕೇಳುವವರು ಬಹಳ. ಪುತ್ತೂರು ಕಡೆ ಒಂದು ಚಿಕ್ಕ ಡೀಸೆಲ್ ಕಾರು ಇಟ್ಟುಕೊಂಡು ವರ್ಷಗಳಿಂದ ಓಡಿಸುತ್ತಿದ್ದೇನೆ. ಬಹುಕಾಲ ಈ ಆಡ್-ಆನ್‌ಗಳನ್ನು ಮುಟ್ಟುವ ಸಂದರ್ಭವೇ ಬರಲಿಲ್ಲ. 2024ರ ಮಳೆಗಾಲದಲ್ಲಿ ಮಾತ್ರ ಮೊದಲೆರಡನ್ನೂ ಒಂದರ ಹಿಂದೆ ಒಂದರಂತೆ ಪರೀಕ್ಷೆಗೆ ಹಚ್ಚಬೇಕಾಯಿತು. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ನಾನು ಕಂಡ ಕೊರತೆಗಳು ಒಂದೇ ಕಂಪನಿಯವಲ್ಲ ಅಂತ ನನ್ನ ಅಭಿಪ್ರಾಯ.

ಮೊದಲು ಬ್ಯಾಟರಿ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಮಾತ್ರ. ರಸ್ತೆಬದಿ ನೆರವಿಗೆ ಫೋನ್ ಮಾಡಿದೆ, ಗಂಟೆಯೊಳಗೆ ಪೇಟೆಯಿಂದ ಹುಡುಗ ಬೈಕಿನಲ್ಲಿ ಬಂದ, ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟ, ಸಹಿ ತೆಗೆದುಕೊಂಡು ಹೋದ. ಇಷ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಎರಡೇ ದಿನದಲ್ಲಿ ಮತ್ತೆ ಅದೇ ಕಥೆ. ಜಂಪ್ ಸ್ಟಾರ್ಟ್ ಗಾಡಿಯನ್ನು ಎಬ್ಬಿಸುತ್ತದೆಯೇ ಹೊರತು ಮಲಗಿದ್ದು ಯಾಕೆ ಎಂದು ನೋಡುವುದಿಲ್ಲ. ಆ ಹುಡುಗನ ಬಳಿ ಮಲ್ಟಿಮೀಟರ್ ಕೂಡ ಇರಲಿಲ್ಲ. ನಮ್ಮ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿದ ಕೂಡಲೇ ಮಾಡಿದ ಮೊದಲ ಕೆಲಸವೇ ಅಳತೆ. ಇಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇಂಜಿನ್ ಓಡುವಾಗ ಸುಮಾರು 13.8ರಿಂದ 14.4ರ ನಡುವೆ. ನಮ್ಮದು ಓಡುವಾಗಲೂ 13 ದಾಟುತ್ತಿರಲಿಲ್ಲ. "ಬ್ಯಾಟರಿದ್ದು ತಪ್ಪಲ್ಲ ಮಾರಾಯ್ರೆ, ಅದಕ್ಕೆ ಊಟವೇ ಸಿಗ್ತಿಲ್ಲ" ಎಂದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಸವೆದ ಕಾರ್ಬನ್ ಬ್ರಷ್ ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದರು. ಒಂದು ಅರ್ಧದಷ್ಟೂ ಉಳಿದಿರಲಿಲ್ಲ. ಹೊಸ ಬ್ರಷ್ ಹಾಕಿದ ಮೇಲೆ ಅದೇ ಹಳೆಯ ಬ್ಯಾಟರಿ ಇವತ್ತಿಗೂ ನಡೆಯುತ್ತಿದೆ.

ಆಮೇಲೆ ಇಲಿ. ಮಳೆಗಾಲದಲ್ಲಿ ಅವಕ್ಕೆ ಇಂಜಿನ್ನಿನ ಬಿಸಿ ಬೇಕು, ಅಡಿಕೆ ಅಂಗಳದ ಪಕ್ಕದ ಶೆಡ್ಡಿನಲ್ಲಿ ನಿಂತ ಗಾಡಿಗೆ ರಕ್ಷಣೆಯೇ ಇಲ್ಲ. ವೈರಿಂಗ್ ಕಡಿದು ಎಸಿ ಸತ್ತಿತು, ಚೆಕ್ ಇಂಜಿನ್ ದೀಪ ಹತ್ತಿತು. ಇದಕ್ಕೆ ಕ್ಲೇಮ್ ಹಾಕಲಿಲ್ಲ, ಕಾರಣ ಲೆಕ್ಕಾಚಾರ. ಕ್ಲೇಮ್ ಇಲ್ಲದ ವರ್ಷಗಳಿಗೆ ಪ್ರೀಮಿಯಂನಲ್ಲಿ ರಿಯಾಯಿತಿಯಾಗಿ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, ಕೊನೆಗೆ 50 ಶೇಕಡಾ ಎಂದು ಏರುತ್ತಾ ಹೋಗುತ್ತದೆ. ಒಂದು ಕ್ಲೇಮ್ ಹಾಕಿದರೆ ಮುಂದಿನ ರಿನ್ಯೂವಲ್‌ನಲ್ಲಿ ಸೊನ್ನೆಗೆ ಇಳಿದು ಮತ್ತೆ ಕೆಳಗಿನಿಂದ ಹತ್ತಬೇಕು. ಅದರ ಮೇಲೆ 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿಗೆ ಕಡ್ಡಾಯ ಕಡಿತ, ಅಂದರೆ ನಾವೇ ಹೊರಬೇಕಾದ ಪಾಲು, 1000 ರೂಪಾಯಿ. ವೈರ್ ಬೆಸುಗೆ ಹಾಕಿಸಿದ ಖರ್ಚು ಈ ನಷ್ಟದ ಹತ್ತಿರಕ್ಕೂ ಬರಲಿಲ್ಲ. ಸಣ್ಣ ರಿಪೇರಿಗೆ ವಿಮೆ ಮುಟ್ಟಬೇಡಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಬರಗಾಲದಲ್ಲಿ ಅಧಿಕಮಾಸ ಅನ್ನುತ್ತಾರಲ್ಲ, ಹಾಗೆ ಜುಲೈ ಬಂತು. ಆ ತಿಂಗಳು ಸಕಲೇಶಪುರ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿ ಪದೇ ಪದೇ ಬಂದ್ ಆಗುತ್ತಿತ್ತು. ಹಾಸನ ಕಡೆಯಿಂದ ಮನೆಗೆ ಬರಲು ಚಾರ್ಮಾಡಿ ಹಿಡಿದೆ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವ ತಿರುವಿನಲ್ಲಿ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಕಾಲ್ಬೆರಳಲ್ಲಿ ಎತ್ತಿದರೆ ಮೇಲೆ ಬರುತ್ತಿತ್ತು, ಒತ್ತಿದರೆ ಒಂದಿಷ್ಟೂ ಬಿಗಿ ಇಲ್ಲ, ಗೇರ್ ಬೀಳುವುದೇ ಇಲ್ಲ. ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಸೀಲ್ ಹೋಗಿ ಆಯಿಲ್ ಪೂರ್ತಿ ಸೋರಿತ್ತು ಎಂದು ಮರುದಿನ ಗೊತ್ತಾಯಿತು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಎರಡೂ ಚೆನ್ನಾಗಿದ್ದವು.

ರಸ್ತೆಬದಿ ನೆರವಿನ ನಿಜವಾದ ಪರೀಕ್ಷೆ ಆದದ್ದು ಇಲ್ಲಿ. ಆ್ಯಪ್ ತೆರೆಯಲು ನೆಟ್‌ವರ್ಕ್ ಇಲ್ಲ. ಮಂಜು ಎಷ್ಟಿತ್ತೆಂದರೆ ಹಜಾರ್ಡ್ ದೀಪ ಹತ್ತು ಮಾರು ದೂರಕ್ಕೂ ಕಾಣುತ್ತಿರಲಿಲ್ಲ. ಹಾಲಿನ ಗಾಡಿಯೊಂದಕ್ಕೆ ಕೈ ಅಡ್ಡ ಹಿಡಿದು ಕೊಟ್ಟಿಗೆಹಾರಕ್ಕೆ ವಾಪಸ್ ಬಂದು ಫೋನ್ ಮಾಡಿದರೆ, ಎಲ್ಲೋ ದೂರದ ಕಾಲ್ ಸೆಂಟರಿನವರು ಹಿಂದಿಯಲ್ಲಿ ಪಿನ್ ಕೋಡ್ ಕೇಳಿದರು, ಹತ್ತಿರದ ಮಾಲ್ ಯಾವುದು ಎಂದರು. ಘಾಟಿಗೆ ಎರಡು ಬದಿ ಇದೆ, ಮೇಲಿಂದ ಗಾಡಿ ಕಳಿಸಿದರೆ ಬೇಗ, ಕೆಳಗಿಂದ ಕಳಿಸಿದರೆ ಪೂರ್ತಿ ಘಾಟಿ ಹತ್ತಬೇಕು ಎಂಬುದನ್ನು ಅರ್ಥ ಮಾಡಿಸುವುದರಲ್ಲೇ ಸಮಯ ಹೋಯಿತು. ಟೋಯಿಂಗ್ ಗಾಡಿ ಬರುವಾಗ ಕತ್ತಲಾಗಿತ್ತು. ಡ್ರೈವರ್ ಮಾತ್ರ ಅಪ್ಪಟ ಮನುಷ್ಯ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಯನ್ನು ಮುಂಭಾಗ ಎತ್ತಿಯೇ ಎಳೆಯಬೇಕು ಎಂದು ತಾನೇ ನೋಡಿ, ಪಟ್ಟಿ ಬಿಗಿದು, ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ಎಂದು ಎರಡು ಸಲ ಕೇಳಿ ಹೊರಟರು. ನನ್ನ ಪ್ಲಾನಿನಲ್ಲಿ 50 ಕಿಲೋಮೀಟರ್ ಉಚಿತ. ಪುತ್ತೂರು ಮುಟ್ಟುವಾಗ ಆ ಮಿತಿ ದಾಟಿತ್ತು, ಉಳಿದದ್ದಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಕೈಯಿಂದ ಕೊಟ್ಟೆ. ನಮ್ಮ ಕಡೆಯವರು ಪಾಲಿಸಿ ಕೊಳ್ಳುವಾಗ ಈ ಮಿತಿಯನ್ನೇ ಮೊದಲು ನೋಡಬೇಕು. ಬೆಂಗಳೂರಿನಲ್ಲಿ 50 ಕಿಲೋಮೀಟರ್ ಧಾರಾಳ, ಘಾಟಿಯಲ್ಲಿ ಅದು ಮನೆ ಮುಟ್ಟಿಸುವುದಿಲ್ಲ.

ಸೀಲ್ ಕಿಟ್ ಸಿಕ್ಕಿ ಕ್ಲಚ್ ಸರಿಯಾಗಿ ಒಂದು ವಾರವೂ ಆಗಿರಲಿಲ್ಲ. ಜುಲೈ ಕೊನೆಗೆ ನೇತ್ರಾವತಿ ಉಕ್ಕಿತು. ಬಂಟ್ವಾಳದ ತಗ್ಗಿನಲ್ಲಿರುವ ಅತ್ತೆಯ ಮನೆಯ ಅಂಗಳದಲ್ಲಿ ನಿಂತಿದ್ದ ಕಾರಿನ ಸೀಟಿನವರೆಗೆ ರಾತ್ರೋರಾತ್ರಿ ನೀರು. ನೀರಿಳಿದ ಮೇಲೆ ಭಾವ ಕೀ ಹಿಡಿದು ಬಂದಾಗ ಗ್ಯಾರೇಜಿನವರು ಫೋನಿನಲ್ಲೇ ಕೂಗಿದರು, "ಸ್ಟಾರ್ಟ್ ಮಾಡ್ಬೇಡಿ, ಕೀ ಆನ್ ಕೂಡ ಮಾಡ್ಬೇಡಿ!" ನೀರನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಬರುವುದಿಲ್ಲ. ಸಿಲಿಂಡರಿನೊಳಗೆ ನೀರಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಅದಕ್ಕೆ ಗುದ್ದಿ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಒತ್ತಡ ಇನ್ನೂ ಜಾಸ್ತಿ.

ಇಂಜಿನ್ ಪ್ರೊಟೆಕ್ಟ್ ಬೆಲೆ ಗೊತ್ತಾಗುವುದು ಇಲ್ಲೇ. ನೆರೆಯಿಂದ ಸೀಟು, ವೈರಿಂಗ್ ಹಾಳಾದರೆ ಮಾಮೂಲಿ ಸಮಗ್ರ ಪಾಲಿಸಿಯಲ್ಲೇ ಬರುತ್ತದೆ. ಇಂಜಿನ್ನಿನೊಳಗಿನ ಹಾನಿಗೆ ಮಾತ್ರ, ಅದು ನೆರೆಯ ನೇರ ಪರಿಣಾಮವಲ್ಲ ಎಂದು ತಕರಾರು ತೆಗೆಯುತ್ತಾರೆ. ಆಡ್-ಆನ್ ಇದ್ದದ್ದರಿಂದ ಆ ವಾದವೇ ಏಳಲಿಲ್ಲ. ಹಾನಿ ಅಂದಾಜು ಮಾಡುವ ವಿಮೆಯ ಸರ್ವೇಯರ್ ಬಂದರು, ಒದ್ದೆಯಾದ ಏರ್ ಫಿಲ್ಟರಿನ ಫೋಟೋ ತೆಗೆದರು, ಸೆಲ್ಫ್ ಹೊಡೆದಿದ್ದೀರಾ ಎಂದು ಕೇಳಿದರು. ಡಿಪ್‌ಸ್ಟಿಕ್ಕಿನಲ್ಲಿ ಇಂಜಿನ್ ಆಯಿಲ್ ನೀರು ಸೇರಿ ಬೆಳ್ಳಗೆ ನೊರೆಗಟ್ಟಿತ್ತು. ಇಂಜೆಕ್ಟರ್ ಬಿಚ್ಚಿ, ಇಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ ನೀರು ಹೊರಹಾಕಿದರು, ಆಯಿಲ್ ಎರಡು ಸಲ ಬದಲಿಸಿದರು. ರಾಡ್‌ಗಳು ಉಳಿದವು. ಬೆಂಗಳೂರಿನಿಂದ ಬರಬೇಕಾದ ಬಿಡಿಭಾಗಕ್ಕೆ ಮಾತ್ರ ಕಾದೆವು: ಘಾಟಿ ರಸ್ತೆಗೆ ಭರವಸೆ ಇಲ್ಲ, ಘಾಟಿಯ ರೈಲು ಮಾರ್ಗದಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿ ರೈಲೂ ನಿಂತಿತ್ತು.

ಕ್ಲೇಮ್ ಪಾಸಾಯಿತು, ಪೂರ್ತಿ ಅಲ್ಲ. ನನ್ನದು ಐದು ವರ್ಷ ದಾಟಿದ ಗಾಡಿ, ಝೀರೋ ಡೆಪ್ ಇರಲಿಲ್ಲ. ಹಾಗಾಗಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ, ಲೋಹದ ಭಾಗಗಳಿಗೆ ಶೇ. 40 ಸವಕಳಿ ಹಿಡಿದರು. ಅಷ್ಟು ಕಳೆದೂ ಕೈಗೆ ಬಂದದ್ದು, ನಾನು ಇಷ್ಟು ವರ್ಷ ಆ ಆಡ್-ಆನ್‌ಗೆ ಕಟ್ಟಿದ ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಈಗ ರಿನ್ಯೂ ಮಾಡಿದ್ದು ಹೀಗೆ. ಇಂಜಿನ್ ಪ್ರೊಟೆಕ್ಟ್ ಕಣ್ಣುಮುಚ್ಚಿ ಇಟ್ಟುಕೊಂಡೆ. ಕರಾವಳಿ, ಮಲೆನಾಡಿನವರಿಗೆ ಅದಕ್ಕೆ ಐದಕ್ಕೆ ಐದು ಕೊಡುತ್ತೇನೆ. ಕೀ ಕವರ್ ಬಿಟ್ಟೆ. ರಸ್ತೆಬದಿ ನೆರವಿಗೆ ಐದರಲ್ಲಿ ಮೂರು. ಪೇಟೆ ಹತ್ತಿರ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಘಾಟಿಯಲ್ಲಿ ಉಜಿರೆ, ಕೊಟ್ಟಿಗೆಹಾರ, ಗುಂಡ್ಯದ ಒಬ್ಬೊಬ್ಬ ಮೆಕ್ಯಾನಿಕ್ ನಂಬರ್ ಅದಕ್ಕಿಂತ ಬೇಗ ಕೆಲಸಕ್ಕೆ ಬರುತ್ತದೆ. ಈ ಸಲ ಟೋಯಿಂಗ್ ಮಿತಿ 100 ಕಿಲೋಮೀಟರ್ ಇರುವ ಪ್ಲಾನಿಗೆ ಬದಲಾಯಿಸಿದ್ದೇನೆ, ಕಾಲ್ ಸೆಂಟರಿನಲ್ಲಿ ಕನ್ನಡ ಸಿಗುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ನೋಡಿದೆ.