ದಿನಕ್ಕೆ 120 ಕಿ.ಮೀ., ಉಡುಪಿ–ಮಂಗಳೂರು: ನೆಕ್ಸಾನ್ ಇವಿ 45 ಸಾಕಾಗ್ತದಾ?

ಉಡುಪಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಇರುವವರು ಶೋರೂಮಿನಲ್ಲಿ ಮೊದಲು ಕೇಳುವುದು "ಒಂದು ಚಾರ್ಜಿಗೆ ಎಷ್ಟು ಓಡ್ತದೆ?" ಎಂದು. ಅದರ ಉತ್ತರ ಸುಲಭ, ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ಗು ಹೇಗಿದೆ, ಅರ್ಥಿಂಗ್ ಸರಿ ಉಂಟಾ ಎಂದು ತಿಳಿಯಲಿಕ್ಕೆ ವಾರ ಬೇಕು. ಟಾಟಾದ ಈ ವಿದ್ಯುತ್ ಕಾರು ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದು ನಿಂತಿರುವುದು ಅದರ ಮೇಲೆ.

ಸುಲಭದ್ದನ್ನು ಮೊದಲು ಮುಗಿಸೋಣ. ನೆಕ್ಸಾನ್ ಇವಿಯ ದೊಡ್ಡ ಬ್ಯಾಟರಿ 45 ಯೂನಿಟ್‌ನದ್ದು. ಪರೀಕ್ಷೆಯ ಲೆಕ್ಕದಲ್ಲಿ 489 ಕಿ.ಮೀ. ಎಂದು ಬರೆದಿರುತ್ತಾರೆ, ಅದನ್ನು ಮರೆತುಬಿಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ 80ರ ವೇಗದಲ್ಲಿ, ಎಸಿ ಹಾಕಿಕೊಂಡು, ಪ್ರತಿ ಕಿ.ಮೀ.ಗೆ 140–150 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಎಂದರೆ ಒಂದು ಯೂನಿಟ್) ಎಂದು ಹಿಡಿಯುವುದು ಕ್ಷೇಮ. ಹಾಗಾದರೆ ತುಂಬಿದ ಬ್ಯಾಟರಿಗೆ ಸುಮಾರು 300 ಕಿ.ಮೀ. ಶೇ. 15ಕ್ಕಿಂತ ಕೆಳಗೆ ಇಳಿಸದೆ, 85ಕ್ಕಿಂತ ಮೇಲೆ ಏರಿಸದೆ ಬಳಸಿದರೂ 210 ಕಿ.ಮೀ. ಸಿಗುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೆಚ್ಚುಕಡಿಮೆ 58 ಕಿ.ಮೀ.; ಹೋಗಿಬರುವುದು, ಊರೊಳಗಿನ ಸುತ್ತಾಟ ಎಲ್ಲ ಸೇರಿ 120. ಸಂಜೆ ಮನೆ ಮುಟ್ಟುವಾಗ ಅರ್ಧದ ಹತ್ತಿರ ಚಾರ್ಜು ಉಳಿದಿರುತ್ತದೆ.

ಪೆಟ್ರೋಲ್ ಕಾರು ಓಡಿಸಿ ಅಭ್ಯಾಸ ಇರುವವರಿಗೆ ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕೊಟ್ಟಾರ ಚೌಕಿ, ನಂತೂರಿನ ಟ್ರಾಫಿಕ್ಕಿನಲ್ಲಿ ತೆವಳಿದರೆ ಇವಿಗೆ ದೊಡ್ಡ ನಷ್ಟವಿಲ್ಲ. ಬ್ರೇಕ್ ಒತ್ತಿದಾಗ ಮೋಟಾರು ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ವಾಪಸು ಕೊಡುತ್ತದೆ, ನಿಂತಲ್ಲಿ ಉರಿಯುವುದು ಎಸಿ ಮಾತ್ರ. ಬ್ಯಾಟರಿ ಕರಗುವುದು ಪಡುಬಿದ್ರಿಯಿಂದ ಮೂಲ್ಕಿಯವರೆಗಿನ ನೇರ ರಸ್ತೆಯಲ್ಲಿ 100 ದಾಟಿದಾಗ. 80ರ ಬದಲು 100ರಲ್ಲಿ ಹೋದರೆ ಖರ್ಚು ಶೇ. 20ರಷ್ಟು ಏರಬಹುದು; ಉಳಿಯುವುದು ಹತ್ತು ನಿಮಿಷವೂ ಇಲ್ಲ, ಸುರತ್ಕಲ್‌ನಿಂದ ಮುಂದೆ ಆ ಹತ್ತು ನಿಮಿಷವನ್ನೂ ಬೈಕಂಪಾಡಿಯ ಲಾರಿಗಳು ನುಂಗುತ್ತವೆ.

ಈಗ ಪ್ಲಗ್ಗಿನ ವಿಷಯ. 120 ಕಿ.ಮೀ.ಗೆ 17–18 ಯೂನಿಟ್ ಖರ್ಚಾಗುತ್ತದೆ, ಚಾರ್ಜ್ ಆಗುವಾಗಿನ ಸೋರಿಕೆ ಸೇರಿದರೆ ಗೋಡೆಯಿಂದ 20 ಯೂನಿಟ್ ಎಳೆಯುತ್ತದೆ. ಮಾಮೂಲಿ 15 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ, ಅಂದರೆ ಏಳು ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಐದಕ್ಕೆ ಮುಗಿಯಿತು. ಹಾಗಾಗಿ 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಇಲ್ಲದೆ ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೇಕಾಗುವುದು ಮಳೆಗಾಲಕ್ಕೆ. ಜೂನ್, ಜುಲೈಯಲ್ಲಿ ಮರ ತಂತಿಯ ಮೇಲೆ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಬೆಳಗಿನ ಜಾವ ಮೂರಕ್ಕೆ ಬಂದರೆ 7.2ರ ಚಾರ್ಜರು ಆರರೊಳಗೆ ದಿನದ ಖರ್ಚನ್ನು ತುಂಬುತ್ತದೆ, 15 ಆಂಪಿಯರ್ ಪ್ಲಗ್ಗು ಅರ್ಧದಷ್ಟೂ ಕೊಡುವುದಿಲ್ಲ. ಆದರೂ ದೊಡ್ಡ ಬ್ಯಾಟರಿಯಾದರೆ ಒಂದು ರಾತ್ರಿ ತಪ್ಪಿದರೂ ಮರುದಿನದ ಓಡಾಟಕ್ಕೆ ತೊಂದರೆಯಿಲ್ಲ. 45ನ್ನೇ ತೆಗೆದುಕೊಳ್ಳಿ ಎನ್ನಲು ದೊಡ್ಡ ಕಾರಣ ಇದೇ.

ಯಾವ ಚಾರ್ಜರ್ ಆದರೂ ವೈರಿಂಗ್‌ನಲ್ಲಿ ಚೌಕಾಸಿ ಬೇಡ. ಮೀಟರ್ ಬೋರ್ಡಿನಿಂದ ಕಾರು ಶೆಡ್ಡಿಗೆ ಬೇರೆಯೇ ಲೈನ್ ಎಳೆಸಿ. 15 ಆಂಪಿಯರ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್, 7.2 ಚಾರ್ಜರ್‌ಗೆ 6 ಚದರ ಮಿ.ಮೀ.; ಮೊದಲಿನದಕ್ಕೆ 20ರ, ಎರಡನೆಯದಕ್ಕೆ 40ರ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು), ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು). ಗೀಸರ್ 20 ನಿಮಿಷ ಉರಿದು ಆರುತ್ತದೆ, ಕಾರು ಏಳು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸಡಿಲ ಸಾಕೆಟ್ಟಿನ ಪ್ಲಾಸ್ಟಿಕ್ ಮೊದಲು ಕಂದಾಗಿ, ಆಮೇಲೆ ಕರಗುವುದು ಇದಕ್ಕೇ. ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ 16 ಆಂಪಿಯರ್ ಸಾಕೆಟ್ ಹಾಕಿಸಿದರೆ ಆ ಚಿಂತೆಯಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಅರ್ಥಿಂಗ್ ಇನ್ನೊಂದು ತಲೆನೋವು. ಕೆಂಪುಕಲ್ಲಿನ ನೆಲ ಮಾರ್ಚ್‌ನಿಂದ ಮೇ ತನಕ ಒಣಗಿ ಗಟ್ಟಿಯಾಗುತ್ತದೆ, ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತಿದ್ದ ಕಾರು ಏಪ್ರಿಲ್‌ನಲ್ಲಿ ಕೆಂಪು ದೀಪ ತೋರಿಸಿ ನಿಂತರೆ ಕಾರನ್ನು ಬೈಯುವ ಮೊದಲು ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ನೋಡಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಲೇಬೇಕು. ಬಾವಿಯ ಪಂಪನ್ನೂ ಕಾರಿನ ಚಾರ್ಜನ್ನೂ ಒಟ್ಟಿಗೆ ಓಡಿಸಬೇಡಿ, ಹಳೆ ಮನೆಗಳಲ್ಲಿ ವೋಲ್ಟೇಜ್ ಕುಸಿದು ಎರಡೂ ನಿಲ್ಲುತ್ತವೆ. ಗುಡುಗು ಸಿಡಿಲಿನ ಸಂಜೆ ಪ್ಲಗ್ ತೆಗೆದಿಡಿ; ಟಿವಿಗೆ ಮಾಡುವ ಉಪಚಾರವೇ ಇದಕ್ಕೂ.

ಬಿಲ್ಲು ನೋಡುವಾಗ ಒಂದು ಪೆಟ್ಟು ಕಾದಿದೆ. ತಿಂಗಳಿಗೆ 25 ದಿನ, ದಿನಕ್ಕೆ 20 ಎಂದರೆ 500 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಹಾಗಾಗಿ ಇದುವರೆಗೆ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲೂ ಎದ್ದು ಕೂರುತ್ತದೆ. ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗವಾದ ಕೆಇಆರ್‌ಸಿ ಇವಿ ಚಾರ್ಜಿಂಗ್‌ಗೆ ಬೇರೆ ದರ ವರ್ಗ ಇಟ್ಟಿದೆ. ಬುಕ್ಕಿಂಗ್ ಮಾಡುವ ಮೊದಲೇ ನಿಮ್ಮ ಮೆಸ್ಕಾಂ ಉಪವಿಭಾಗಕ್ಕೆ ಹೋಗಿ, ಕಾರಿಗೆ ಪ್ರತ್ಯೇಕ ಮೀಟರ್ ಸಿಗುತ್ತದಾ, ಮಂಜೂರಾದ ಲೋಡ್ ಎಷ್ಟಕ್ಕೆ ಏರಿಸಬೇಕು ಎಂದು ಕೇಳಿ. ಲೋಡ್ ಏರಿದರೆ ಕಿಲೋವ್ಯಾಟ್ ಲೆಕ್ಕದ ನಿಗದಿ ಶುಲ್ಕ ಪ್ರತಿ ತಿಂಗಳೂ ಏರುತ್ತದೆ ಎಂಬುದೂ ನೆನಪಿರಲಿ.

ಇಷ್ಟಾದರೂ ಲೆಕ್ಕ ಇವಿಯ ಪರವೇ. 2025–26ರಲ್ಲಿ ಮನೆ ದರ ಯೂನಿಟ್‌ಗೆ 5.80 ರೂ. ಇತ್ತು; ಆ ಲೆಕ್ಕದಲ್ಲಿ ತೆರಿಗೆ ಸೇರಿ ತಿಂಗಳಿಗೆ ಮೂರೂವರೆ ಸಾವಿರದೊಳಗೆ ನಿಲ್ಲುತ್ತದೆ. ಲೀಟರಿಗೆ 17 ಕೊಡುವ ಪೆಟ್ರೋಲ್ ಕಾರಿಗೆ, ಪೆಟ್ರೋಲ್ 102 ರೂ. ಎಂದು ಹಿಡಿದರೆ, ಅದೇ 3,000 ಕಿ.ಮೀ.ಗೆ 18,000 ರೂ. ಬೇಕು. ಮನೆಯಲ್ಲಿ ಪ್ಲಗ್ ಇಲ್ಲದೆ ಹೊರಗಿನ ವೇಗದ ಚಾರ್ಜರನ್ನೇ ನಂಬಿದರೆ ಈ ಅಂತರ ಅರ್ಧಕ್ಕರ್ಧ ಕರಗುತ್ತದೆ, ಯೂನಿಟ್‌ಗೆ 20 ರೂ. ದಾಟುವುದು ಅಲ್ಲಿ ಮಾಮೂಲು. 60 ಕಿಲೋವ್ಯಾಟ್‌ನ ಚಾರ್ಜರ್ ಆದರೆ ಶೇ. 10ರಿಂದ 80ಕ್ಕೆ 40 ನಿಮಿಷ, 30ರದ್ದಾದರೆ ಗಂಟೆಯ ಮೇಲೆ. ಆ್ಯಪಿನಲ್ಲಿ ಹಸಿರು ತೋರಿಸಿದ್ದು ಹೋಗಿ ನೋಡಿದರೆ ಕೆಟ್ಟು ನಿಂತಿರುವುದೂ ಉಂಟು. ಬಿಜೈ, ಕದ್ರಿಯ ಫ್ಲ್ಯಾಟುಗಳಲ್ಲಿದ್ದು ಅಸೋಸಿಯೇಷನ್ ಇನ್ನೂ ಪ್ಲಗ್ಗಿಗೆ ಒಪ್ಪಿಗೆ ಕೊಡದವರು ಸದ್ಯಕ್ಕೆ ಕಾರು ಬುಕ್ ಮಾಡಬೇಡಿ. ಮಾರುವವರ ಬಾಯಿಮಾತಲ್ಲ, ಅಸೋಸಿಯೇಷನ್‌ನ ಕಾಗದ ಕೈಗೆ ಬರಬೇಕು.

ದಿನವೂ ದೂರ ಓಡಿಸುವವರು ವಾರಂಟಿಯ ಚೀಟಿಯನ್ನು ಎರಡು ಸಲ ಓದಬೇಕು. ಎಷ್ಟೋ ಇವಿಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 36,000 ಓಡಿಸಿದರೆ ಎಂಟು ವರ್ಷದ ವಾರಂಟಿ ನಾಲ್ಕೂವರೆಯಲ್ಲಿ ಖಾಲಿ. 2025ರಲ್ಲಿ ಟಾಟಾ ನೆಕ್ಸಾನ್ 45ರ ಮೊದಲ ಮಾಲೀಕರಿಗೆ ಕಿ.ಮೀ. ಮಿತಿಯಿಲ್ಲದೆ 15 ವರ್ಷದ ಬ್ಯಾಟರಿ ವಾರಂಟಿ ಘೋಷಿಸಿತು. ಈ ದಾರಿಗೆ ಇದರಷ್ಟು ಬೆಲೆಬಾಳುವ ಸೌಲಭ್ಯ ಕಾರಿನಲ್ಲಿ ಬೇರೊಂದಿಲ್ಲ, ಸನ್‌ರೂಫ್ ಸೇರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅದು ದಕ್ಕುವುದಿಲ್ಲ.

ಬೇರೆ ಇವಿಗಳನ್ನೂ ನೋಡುವುದಾದರೆ, ಎಂಜಿ ವಿಂಡ್ಸರ್ ಜಾಗದಲ್ಲಿ ಧಾರಾಳ, ಹಿಂದಿನ ಸೀಟು ಸೋಫಾದ ಹಾಗೆ. ಆದರೆ ಬ್ಯಾಟರಿ ಬಾಡಿಗೆಯ ಲೆಕ್ಕ ಹಾಕಿ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ಬಾಡಿಗೆ ಯೋಜನೆಯಲ್ಲಿ 9.99 ಲಕ್ಷ ಮತ್ತು ಕಿ.ಮೀ.ಗೆ 3.50 ರೂ., ಬ್ಯಾಟರಿ ಸಮೇತ 13.50 ಲಕ್ಷ. ಮೂರೂವರೆ ಲಕ್ಷದ ಆ ಉಳಿತಾಯ ಒಂದು ಲಕ್ಷ ಕಿ.ಮೀ.ಗೆ ಸಮವಾಗುತ್ತದೆ, ನಿಮ್ಮ ಓಟಕ್ಕೆ ಅದು ಮೂರು ವರ್ಷದ ಒಳಗೆ. ಬಾಡಿಗೆ ಯೋಜನೆ ದಿನಕ್ಕೆ 30 ಓಡಿಸುವವರದ್ದು, 120ರವರದ್ದಲ್ಲ. ಟಿಯಾಗೊ ಇವಿಯ 24 ಯೂನಿಟ್ ಬ್ಯಾಟರಿ ಕಾಗದದಲ್ಲಿ ಸಾಕು. ಒಂದು ರಾತ್ರಿ ಕರೆಂಟ್ ಕೈಕೊಟ್ಟರೆ ಮರುದಿನ ರಜೆ ಹಾಕಬೇಕು.

ನೆಕ್ಸಾನಿನ ಬ್ಯಾಟರಿ ಪೆಟ್ಟಿಗೆ ಐಪಿ67, ಅಂದರೆ ನೀರು, ಧೂಳು ಒಳಹೋಗದ ದರ್ಜೆಯದ್ದು; ಮಳೆಗೆ ಹೆದರಬೇಕಿಲ್ಲ. ಹಾಗೆಂದು ಕೊಟ್ಟಾರ ಚೌಕಿಯಲ್ಲಿ ನೆರೆ ನಿಂತಾಗ ನುಗ್ಗಿಸಬೇಡಿ. ನೀರು ಬಾಗಿಲಿನ ಕೆಳ ಅಂಚು ಮುಟ್ಟಿದರೆ ಒಳಗಿನ ಕಾರ್ಪೆಟ್ಟು, ವೈರುಗಳ ಗತಿ ಎಲ್ಲ ಕಾರಿನಂತೆಯೇ. ಉಪ್ಪುಗಾಳಿಗೆ ಬ್ರೇಕ್ ಡಿಸ್ಕ್ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ಬ್ರೇಕಿನ ಕೆಲಸ ಹೆಚ್ಚಾಗಿ ಮೋಟಾರೇ ಮಾಡುತ್ತದೆ. ವಾರಕ್ಕೊಮ್ಮೆ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ರೀಜನ್ (ಮೋಟಾರು ಬ್ರೇಕ್ ಹಿಡಿದು ವಿದ್ಯುತ್ ವಾಪಸು ಕೊಡುವುದು) ಸೊನ್ನೆಗೆ ಇಳಿಸಿ, ಹಿಂದೆ ಯಾರೂ ಇಲ್ಲದಾಗ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಟಯರಿಗೆ ವರ್ಷಕ್ಕೊಮ್ಮೆ ಹಣ ತೆಗೆದಿಡಿ. ಬಾನೆಟ್ ಕೆಳಗಿನ ಸಣ್ಣ 12 ವೋಲ್ಟ್ ಬ್ಯಾಟರಿ ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ, ಅದನ್ನೂ ಸರ್ವಿಸ್‌ನಲ್ಲಿ ನೋಡಿಸಿ.

ಟೆಸ್ಟ್ ಡ್ರೈವ್ ಎಂದು ಮಂಗಳೂರಿನೊಳಗೇ ಲೇಡಿಹಿಲ್ ಸುತ್ತಿಸಿ ಕಳಿಸಿದರೆ ಒಪ್ಪಬೇಡಿ. ಸಂಜೆ ಆರಕ್ಕೆ, ನಾಲ್ಕು ಜನ ಕೂತು, ಎಸಿ 24ಕ್ಕೆ ಇಟ್ಟು ಪಡುಬಿದ್ರಿಯವರೆಗೆ ಹೋಗಿ ಬನ್ನಿ. ಹೊರಡುವ ಮೊದಲು ಟ್ರಿಪ್ ಮೀಟರ್ ಸೊನ್ನೆ ಮಾಡಿ, ವಾಪಸು ಬಂದ ಮೇಲೆ ಕಿ.ಮೀ.ಗೆ ಎಷ್ಟು ವ್ಯಾಟ್ ಅವರ್ ಎಂದು ಬರೆದುಕೊಳ್ಳಿ. 160ರೊಳಗೆ ಇದ್ದರೆ ಮೇಲಿನ ಲೆಕ್ಕ ಹೆಚ್ಚು ಬದಲಾಗದು. 180 ದಾಟಿದರೆ ಟಯರಿನ ಗಾಳಿ ನೋಡಿ, ಆಮೇಲೆ ಓಡಿಸಿದವರ ಕಾಲು.